ವೈಫೈ ಹಿಡಿಯದ ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಬೇಡಿ

ಸಂಪಾದಕರಿಗೆ ನಮಸ್ಕಾರ.

ಹೋದ ತಿಂಗಳು ನಮ್ಮ ರಸ್ತೆಗೆ ಗುಜರಿ ಆಟೋ ಬಂದಿತ್ತು. ಹಳೆಯ ಬಕೆಟ್, ತುಕ್ಕು ಹಿಡಿದ ತಗಡು, ಔಷಧಿ ಹೊಡೆಯುವ ಮೆಷಿನ್ನಿನ ಒಡೆದ ಟ್ಯಾಂಕ್, ಇವುಗಳ ನಡುವೆ ಎರಡು ಲ್ಯಾಪ್‌ಟಾಪ್ ಕಂಡವು. ಒಂದು ಪಕ್ಕದ ಮನೆಯವರದ್ದೇ. ಏನಾಗಿದೆ ಇದಕ್ಕೆ ಅಂತ ಕೇಳಿದೆ. "ಏನೂ ಆಗಿಲ್ಲ ಅಕ್ಕಾ, ಆನ್ ಆಗ್ತದೆ. ಆದ್ರೆ ನೆಟ್ ಬರಲ್ಲ. ಇಟ್ಕೊಂಡು ಏನು ಮಾಡೋದು" ಅಂದರು. 200 ರೂಪಾಯಿಗೆ ಕೊಟ್ಟಿದ್ದರು. ಕೇಳಿ ನನಗೆ ತುಂಬಾ ಸಂಕಟವಾಯಿತು. ಯಾಕೆಂದರೆ ಇದೇ ಮಾತು ಹೇಳಿ ನಾನೂ ಒಂದು ಲ್ಯಾಪ್‌ಟಾಪನ್ನು ಗುಜರಿಗೆ ಹಾಕಲು ಹೊರಟಿದ್ದೆ. ಈಗ ಈ ಪತ್ರ ಬರೆಯುತ್ತಿರುವುದು ಅದರಲ್ಲೇ. ನಿಮಗೆ ಕಳಿಸುವುದೂ ಅದರ ವೈಫೈನಿಂದಲೇ.

ಪತ್ರ ಸ್ವಲ್ಪ ಉದ್ದವಾಗಬಹುದು, ದಯವಿಟ್ಟು ಕತ್ತರಿಸಬೇಡಿ. ನನಗೆ ಇದನ್ನು ಯಾರಾದರೂ ಮೊದಲೇ ಕನ್ನಡದಲ್ಲಿ ಹೇಳಿದ್ದರೆ ಎರಡೂವರೆ ತಿಂಗಳು ಉಳಿಯುತ್ತಿತ್ತು.

ನಮ್ಮದು ನಾಪೋಕ್ಲು ಹತ್ತಿರ ಮೂರು ಎಕರೆ ರೋಬಸ್ಟಾ ತೋಟ, ನಡುವೆ ಕಾಳುಮೆಣಸು. ಅಕ್ಕನ ಮಗಳು ನಮ್ಮ ಮನೆಯಲ್ಲಿದ್ದುಕೊಂಡು ಮಡಿಕೇರಿಗೆ ಬಸ್ಸಿನಲ್ಲಿ ಹೋಗಿ ಡಿಗ್ರಿ ಓದುತ್ತಾಳೆ. ಪ್ರಾಜೆಕ್ಟ್ ಬರೆಯಬೇಕು, ಸ್ಕಾಲರ್‌ಶಿಪ್ ಅರ್ಜಿ ಹಾಕಬೇಕು, ಎಲ್ಲವನ್ನೂ ಫೋನಿನ ಸಣ್ಣ ಪರದೆಯಲ್ಲಿ ಮಾಡುವುದು ಕಷ್ಟ. ಹೊಸದು ತೆಗೆಯುವಷ್ಟು ಕೈಯಲ್ಲಿ ಇರಲಿಲ್ಲ. ಕೈಲ್ ಮುಹೂರ್ತದ ಹಬ್ಬ ಮುಗಿದ ಮೇಲೆ ಮೈಸೂರಿಗೆ ಹೋಗಿ 8,000 ರೂಪಾಯಿಗೆ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದೆವು. 2011ರ ಮಾಡೆಲ್, 4 ಜಿಬಿ ರ್‍ಯಾಮ್, ವಿಂಡೋಸ್ 7. ಅಂಗಡಿಯಲ್ಲಿ ಆನ್ ಮಾಡಿ ತೋರಿಸಿದರು. ಹಾಡು ಬಂತು, ಟೈಪ್ ಆಯಿತು. ನೆಟ್ ಹಾಕಿ ತೋರಿಸಿ ಅಂತ ನಾವು ಕೇಳಲಿಲ್ಲ, ಅವರೂ ತೋರಿಸಲಿಲ್ಲ.

ಮನೆಗೆ ಬಂದು ವೈಫೈ ಹಾಕಿದರೆ ಕಡ್ಡಿ ಪೂರ್ತಿ ಇದೆ, ಪಾಸ್‌ವರ್ಡ್ ತೆಗೆದುಕೊಂಡಿತು, ಆದರೆ ಒಂದು ಪುಟವೂ ತೆರೆಯಲಿಲ್ಲ. ಯಾವ ವೆಬ್‌ಸೈಟ್ ಹಾಕಿದರೂ "ನಿಮ್ಮ ಸಂಪರ್ಕ ಸುರಕ್ಷಿತವಲ್ಲ" ಅನ್ನುವ ಅರ್ಥದ ಎಚ್ಚರಿಕೆ. ಮೂರು ದಿನ ರೂಟರ್ ಆಫ್ ಮಾಡಿ ಆನ್ ಮಾಡಿ ಸಾಕಾಯಿತು. ಕೇಬಲ್ ಹುಡುಗನಿಗೆ ಫೋನ್ ಮಾಡಿದೆ, ಅವನು ಪಾಪ ಮಳೆಯಲ್ಲೇ ಬಂದು ನೋಡಿ ಲೈನ್ ಸರಿ ಇದೆ ಅಕ್ಕಾ ಅಂದು ಹೋದ. ಕೊನೆಗೆ ಹುಡುಗಿಯೇ ಕಂಡುಹಿಡಿದಳು. "ಚಿಕ್ಕಮ್ಮಾ, ಇಲ್ಲಿ ನೋಡಿ, ಇಸವಿ 2011 ಅಂತ ಇದೆ!" ನಿಜ, ಮೂಲೆಯಲ್ಲಿ ಜನವರಿ 1, 2011 ಅಂತ ತೋರಿಸುತ್ತಿತ್ತು.

ಇದಕ್ಕೂ ನೆಟ್‌ಗೂ ಏನು ಸಂಬಂಧ ಅಂತ ಅನ್ನಿಸುತ್ತೆ ಅಲ್ವಾ? ಇದೆ. ಇವತ್ತು ಹೆಚ್ಚು ಕಡಿಮೆ ಎಲ್ಲ ವೆಬ್‌ಸೈಟ್‌ಗಳಿಗೂ ಒಂದು ಸರ್ಟಿಫಿಕೇಟ್ ಇರುತ್ತದೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಬರೆದಿರುತ್ತದೆ. ಲ್ಯಾಪ್‌ಟಾಪ್ ತನ್ನ ಗಡಿಯಾರ ನೋಡಿ, ಈ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲವಲ್ಲ ಅಂತ ತಿಳಿದು ಬಾಗಿಲು ಹಾಕುತ್ತದೆ. ಗಡಿಯಾರ ತಪ್ಪಲು ಕಾರಣ ಒಳಗಿರುವ ನಾಣ್ಯದಂಥ ಒಂದು ಸಣ್ಣ ಬ್ಯಾಟರಿ. ಹೆಚ್ಚಾಗಿ ಸಿಆರ್2032 ಅಂತ ಬರೆದಿರುತ್ತದೆ. ಲ್ಯಾಪ್‌ಟಾಪ್ ಆಫ್ ಇದ್ದಾಗಲೂ ದಿನಾಂಕ ನೆನಪಿಟ್ಟುಕೊಳ್ಳುವುದು ಅದರಿಂದ. ಹತ್ತು ಹನ್ನೆರಡು ವರ್ಷವಾದ ಮೇಲೆ ಅದು ಖಾಲಿಯಾಗುವುದು ಸಹಜ. 40 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆವು. ಪುಟ ತೆರೆಯಿತು.

ಆದರೆ ಹೆಚ್ಚು ದಿನ ನೆಮ್ಮದಿ ಇರಲಿಲ್ಲ. ವಿಂಡೋಸ್ 7ಗೆ 2020ರ ಜನವರಿ 14ಕ್ಕೇ ಮೈಕ್ರೋಸಾಫ್ಟ್ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿತ್ತು. ಕ್ರೋಮ್ ಕೂಡ 109ನೇ ಆವೃತ್ತಿಯ ನಂತರ ಅದಕ್ಕೆ ಬರುವುದಿಲ್ಲ. ಕೆಲವು ಪುಟ ಅರ್ಧ ತೆರೆದು ನಿಲ್ಲುತ್ತಿದ್ದವು. ಅಂಥ ಯಂತ್ರದಲ್ಲಿ ಬ್ಯಾಂಕಿನ ಪುಟ ತೆರೆಯಲು ನನಗೂ ಭಯ. ಹುತ್ತರಿ ಹಬ್ಬಕ್ಕೆ ಊರಿಗೆ ಬಂದಿದ್ದ ಎದುರು ಮನೆಯ ಹುಡುಗ, ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವವನು, "ಆಂಟಿ, ಇದಕ್ಕೆ ಲಿನಕ್ಸ್ ಹಾಕಿ, ಹೊಸದರ ಹಾಗೆ ಓಡ್ತದೆ" ಅಂದ. ಲಿನಕ್ಸ್ ಅಂದರೆ ವಿಂಡೋಸ್ ಬದಲಿಗೆ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ. ಲಿನಕ್ಸ್ ಮಿಂಟ್ ಅಂತ ಒಂದು ಇದೆ, ಅದರಲ್ಲಿ ಎಕ್ಸ್‌ಎಫ್‌ಸಿಇ ಅನ್ನುವ ಹಗುರದ ನಮೂನೆ. ದುಡ್ಡು ಕೊಡಬೇಕಾಗಿಲ್ಲ. ಒಂದು ಸಂಜೆಯಲ್ಲಿ ಹಾಕಿಕೊಟ್ಟ. ನಿಜಕ್ಕೂ ಲ್ಯಾಪ್‌ಟಾಪ್ ಚುರುಕಾಯಿತು.

ಆದರೆ ವೈಫೈ ಗುರುತೇ ಮಾಯ. ಪಟ್ಟಿಯಲ್ಲಿ ಒಂದೂ ಹೆಸರಿಲ್ಲ. ಅವನಿಗೆ ಬೆಳಿಗ್ಗೆ ಬಸ್ಸಿತ್ತು, ಹೊರಟುಹೋದ.

ಪೇಟೆಯ ಒಂದು ರಿಪೇರಿ ಅಂಗಡಿಗೆ ತೆಗೆದುಕೊಂಡು ಹೋದೆವು. ಹತ್ತು ನಿಮಿಷ ನೋಡಿ, ವೈಫೈ ಕಾರ್ಡ್ ಹೋಗಿದೆ, ಬೋರ್ಡಿನ ಪ್ರಾಬ್ಲಮ್ಮೂ ಇರಬಹುದು, ಇದಕ್ಕೆ ದುಡ್ಡು ಹಾಕಬೇಡಿ, ಬೇಕಾದರೆ 1,000 ಕೊಡುತ್ತೇನೆ ಬಿಟ್ಟುಹೋಗಿ ಅಂದರು. ನಾನು ಹೂಂ ಅನ್ನುವುದರಲ್ಲಿದ್ದೆ. ಬಸ್‌ಸ್ಟ್ಯಾಂಡಿಗೆ ಬರುವಾಗ ಹುಡುಗಿ ಕೇಳಿದಳು: "ಮೊನ್ನೆ ವಿಂಡೋಸ್‌ನಲ್ಲಿ ವೈಫೈ ಹಿಡೀತಿತ್ತಲ್ಲ ಚಿಕ್ಕಮ್ಮಾ, ಒಂದೇ ರಾತ್ರಿಗೆ ಕಾರ್ಡ್ ಹೇಗೆ ಸಾಯ್ತದೆ?"

ಆ ಪ್ರಶ್ನೆಯೇ ನಮ್ಮನ್ನು ಉಳಿಸಿತು. ಕಾಫಿ ಗಿಡದ ಎಲೆ ಹಳದಿಯಾದರೆ ನಾವು ಗಿಡ ಕಿತ್ತು ಎಸೆಯುತ್ತೇವಾ? ಎಲೆ ತುಕ್ಕು ರೋಗವಾ, ಬೇರಿನಲ್ಲಿ ನೀರು ನಿಂತಿದೆಯಾ, ಗೊಬ್ಬರ ಸಾಲದಾ, ಅರೇಬಿಕಾ ಆದರೆ ಕಾಂಡಕೊರಕ ಹೊಕ್ಕಿದೆಯಾ ಅಂತ ಒಂದೊಂದಾಗಿ ನೋಡುತ್ತೇವೆ. "ನೆಟ್ ಬರಲ್ಲ" ಅನ್ನುವುದೂ ಹಳದಿ ಎಲೆಯ ಹಾಗೆ. ಹೊರಗೆ ಕಾಣುವುದು ಒಂದೇ, ಒಳಗಿನ ಕಾರಣ ಬೇರೆ ಬೇರೆ. ನಮ್ಮ ಒಂದೇ ಲ್ಯಾಪ್‌ಟಾಪಿನಲ್ಲಿ ಮೂರು ಬೇರೆ ಕಾರಣ ಸಿಕ್ಕವು. ಮೂರಕ್ಕೂ ಜನ ಹೇಳುವುದು ಅದೇ ಎರಡು ಪದ.

ಮೊದಲು ನೋಡಬೇಕಾದದ್ದು ಸ್ವಿಚ್. ಹಳೆಯ ಲ್ಯಾಪ್‌ಟಾಪ್‌ಗಳ ಮುಂಭಾಗದಲ್ಲಿ ಅಥವಾ ಪಕ್ಕದಲ್ಲಿ ವೈಫೈಗೆ ಅಂತಲೇ ಒಂದು ಪುಟ್ಟ ಜಾರುವ ಸ್ವಿಚ್ ಇರುತ್ತದೆ. ಬ್ಯಾಗಿಗೆ ತುರುಕುವಾಗ ಅದು ಆಫ್ ಆಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಕೆಲವಕ್ಕೆ ಸ್ವಿಚ್ ಬದಲು ಎಫ್‌ಎನ್ ಕೀ ಜೊತೆ ಮೇಲಿನ ಸಾಲಿನ ಒಂದು ಕೀ ಒತ್ತಬೇಕು, ಅದರ ಮೇಲೆ ಟವರಿನಂಥ ಚಿತ್ರ ಇರುತ್ತದೆ. ಲಿನಕ್ಸ್‌ನಲ್ಲಿ ಟರ್ಮಿನಲ್, ಅಂದರೆ ಆದೇಶ ಟೈಪ್ ಮಾಡುವ ಕಿಟಕಿ, ತೆರೆದು ಆರ್‌ಎಫ್‌ಕಿಲ್ ಲಿಸ್ಟ್ (rfkill list) ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಎರಡು ಸಾಲು ಬರುತ್ತವೆ, ಸಾಫ್ಟ್ ಬ್ಲಾಕ್ಡ್ ಮತ್ತು ಹಾರ್ಡ್ ಬ್ಲಾಕ್ಡ್. ಸಾಫ್ಟ್ ಎದುರು ಯೆಸ್ ಇದ್ದರೆ ಕಂಪ್ಯೂಟರಿನ ಒಳಗಿಂದ ಬಿಡಿಸಬಹುದು. ಹಾರ್ಡ್ ಎದುರು ಯೆಸ್ ಇದ್ದರೆ ಏನು ಟೈಪ್ ಮಾಡಿದರೂ ಪ್ರಯೋಜನ ಇಲ್ಲ, ಹೆಚ್ಚಿನ ಸಲ ಆ ಸ್ವಿಚ್ ಅಥವಾ ಕೀ ಹುಡುಕಿ ಬೆರಳಿನಿಂದಲೇ ಆನ್ ಮಾಡಬೇಕು.

ನಮ್ಮದರಲ್ಲಿ ಅದು ಸರಿ ಇತ್ತು. ಆದರೆ ಹೋದ ತಿಂಗಳು ಗುಜರಿ ಆಟೋದಲ್ಲಿ ಕಂಡ ಪಕ್ಕದ ಮನೆಯ ಲ್ಯಾಪ್‌ಟಾಪನ್ನು 250 ಕೊಟ್ಟು ಇಳಿಸಿಕೊಂಡೆ, ಅದರದ್ದು ಇಷ್ಟೇ ಸಮಸ್ಯೆ. ಸ್ವಿಚ್ ಆಫ್. ಅವರ ಎದುರಿಗೇ ಆನ್ ಮಾಡಿ ತೋರಿಸಿದೆ. ಅವರ ಮನೆಯ ವೈಫೈ ಹೆಸರು ಪರದೆಯ ಮೇಲೆ ಬಂದಾಗ ಆ ಅಣ್ಣ ಏನೂ ಮಾತಾಡದೆ ನಿಂತುಬಿಟ್ಟರು. ಎರಡು ವರ್ಷ ಆ ಲ್ಯಾಪ್‌ಟಾಪ್ ಅಟ್ಟದಲ್ಲಿತ್ತಂತೆ. ಅಷ್ಟೂ ಕಾಲ ಮಗ ಅರ್ಜಿ ಹಾಕಲು, ಪ್ರಿಂಟ್ ತೆಗೆಯಲು ಪೇಟೆಗೆ ಹೋಗಿ ಬರುತ್ತಿದ್ದ. ಇನ್ನೊಂದು ಲ್ಯಾಪ್‌ಟಾಪಿನ ಪರದೆ ಒಡೆದಿತ್ತು, ಅದನ್ನು ಬಿಟ್ಟೆ.

ಸ್ವಿಚ್ ಸರಿ ಇದ್ದರೆ ಮುಂದಿನದು, ಕಾರ್ಡ್ ಬದುಕಿದೆಯಾ ಅಂತ ನೋಡುವುದು. ಇದಕ್ಕೆ ಯಾರ ಬಳಿಯೂ ಹೋಗಬೇಕಾಗಿಲ್ಲ. ಎಲ್‌ಎಸ್‌ಪಿಸಿಐ ಅಂತ ಟೈಪ್ ಮಾಡಿ, ಜಾಗ ಬಿಟ್ಟು ಒಂದು ಅಡ್ಡಗೆರೆ ಮತ್ತು ಎರಡು ಎನ್ ಹಾಕಿ (lspci -nn) ಎಂಟರ್ ಒತ್ತಿದರೆ ಒಳಗಿರುವ ಚಿಪ್ಪುಗಳ ಪಟ್ಟಿ ಬರುತ್ತದೆ. ಅದರಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಅನ್ನುವ ಸಾಲು ಹುಡುಕಿ. ಕೊನೆಯಲ್ಲಿ ನಾಲ್ಕು ನಾಲ್ಕು ಅಕ್ಷರದ ಎರಡು ಸಂಖ್ಯೆ, ನಡುವೆ ಎರಡು ಚುಕ್ಕೆ. ಮೊದಲನೆಯದು ಯಾರು ಮಾಡಿದ್ದು ಅಂತ, ಎರಡನೆಯದು ಯಾವ ಮಾಡೆಲ್ ಅಂತ. 8086 ಇದ್ದರೆ ಇಂಟೆಲ್, 168ಸಿ ಇದ್ದರೆ ಅಥೆರೋಸ್, 10ಇಸಿ ಇದ್ದರೆ ರಿಯಲ್‌ಟೆಕ್, 14ಇ4 ಇದ್ದರೆ ಬ್ರಾಡ್‌ಕಾಮ್. ಈ ಸಾಲು ಬಂತು ಅಂದರೆ ಕಾರ್ಡ್ ಉಸಿರಾಡುತ್ತಿದೆ ಅಂತ ಅರ್ಥ. ಪೂರ್ತಿ ಸತ್ತ ಕಾರ್ಡ್ ತನ್ನ ಹೆಸರು ಹೇಳುವುದಿಲ್ಲ. ನಮ್ಮದು ಹೇಳಿತು! ಅಂಗಡಿಯವರು ಸತ್ತಿದೆ ಅಂದ ಕಾರ್ಡ್ ಅದು. ಅವರನ್ನು ದೂರಲು ಇದನ್ನು ಬರೆಯುತ್ತಿಲ್ಲ, ದಿನಕ್ಕೆ ಇಪ್ಪತ್ತು ಜನ ಬರುವ ಅಂಗಡಿಯಲ್ಲಿ ಹಳೆಯ ಯಂತ್ರಕ್ಕೆ ಅರ್ಧ ಗಂಟೆ ಕೊಡಲು ಆಗುವುದಿಲ್ಲ. ಆದರೆ ನಮಗೆ ಆ ಅರ್ಧ ಗಂಟೆ ಇತ್ತು.

ಸಾಲು ಬರದೇ ಇದ್ದರೂ ಒಂದು ಪ್ರಯತ್ನ ಉಳಿದಿದೆ. ನಮ್ಮ ಜಿಲ್ಲೆಯ ಮಳೆಗಾಲ ನಿಮಗೆ ಗೊತ್ತು. ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ, ಚಪ್ಪಲಿಗೆ ಬೂಸ್ಟು ಬರುತ್ತದೆ. ಆ ಥಂಡಿ ಲ್ಯಾಪ್‌ಟಾಪಿನ ಒಳಗೂ ಹೋಗುತ್ತದೆ. ವೈಫೈ ಕಾರ್ಡ್ ಅನ್ನುವುದು ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಹಲಗೆ, ಎರಡು ತೆಳ್ಳನೆಯ ವಯರು ಅದಕ್ಕೆ ಕಚ್ಚಿಕೊಂಡಿರುತ್ತವೆ, ಹೆಚ್ಚಾಗಿ ಒಂದು ಕಪ್ಪು ಒಂದು ಬಿಳಿ. ಬ್ಯಾಟರಿ ತೆಗೆದು, ಚಾರ್ಜರ್ ಕಿತ್ತು, ಹಿಂದಿನ ಮುಚ್ಚಳ ಬಿಚ್ಚಿ, ಕಾರ್ಡನ್ನು ಹೊರಗೆ ಎಳೆದು, ಹಳದಿ ಪಟ್ಟಿಯನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಮತ್ತೆ ಕೂರಿಸಿದರೆ ಕೆಲವು ಸಲ ಅಷ್ಟಕ್ಕೇ ಸರಿಯಾಗುತ್ತದೆ. ವಯರು ಯಾವುದು ಎಲ್ಲಿತ್ತು ಅಂತ ಮೊದಲೇ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಆ ವಯರೇ ಆಂಟೆನಾ, ಕಳಚಿದ್ದರೆ ರೂಟರ್ ಪಕ್ಕದಲ್ಲಿ ಕೂತರೆ ಮಾತ್ರ ಸಿಗ್ನಲ್ ಬರುತ್ತದೆ.

ಸರಿ, ಕಾರ್ಡ್ ಬದುಕಿದೆ, ಸ್ವಿಚ್ ಆನ್ ಇದೆ, ಆದರೂ ವೈಫೈ ಯಾಕಿಲ್ಲ? ಇದನ್ನು ತಿಳಿಯಲು ನಮಗೆ ಹೆಚ್ಚು ದಿನ ಹಿಡಿಯಿತು. ಆ ಪುಟ್ಟ ಕಾರ್ಡ್ ತಾನೇ ಒಂದು ಸಣ್ಣ ಕಂಪ್ಯೂಟರ್ ಇದ್ದ ಹಾಗೆ. ಪ್ರತಿ ಸಲ ಆನ್ ಆದಾಗ ಅದಕ್ಕೂ ಒಂದು ಪ್ರೋಗ್ರಾಂ ತುಂಬಬೇಕು. ಅದನ್ನು ಫರ್ಮ್‌ವೇರ್ ಅನ್ನುತ್ತಾರೆ. ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸ್‌ನಲ್ಲಿ ಕಂಪನಿಯವರೇ ಅದನ್ನು ಹಾಕಿಕೊಟ್ಟಿರುತ್ತಾರೆ. ಲಿನಕ್ಸ್ ಹಂಚುವವರು ಹಾಗೆ ಎಲ್ಲವನ್ನೂ ಹಾಕಿ ಹಂಚುವಂತಿಲ್ಲ, ಚಿಪ್ ಮಾಡಿದವರ ಅನುಮತಿ ಬೇಕು. ಇಂಟೆಲ್ ಚಿಪ್‌ಗಳ ಫರ್ಮ್‌ವೇರಿಗೆ ಆ ಅನುಮತಿ ಇರುವುದರಿಂದ ಅವು ಸಾಮಾನ್ಯವಾಗಿ ತಾವಾಗಿಯೇ ಕೆಲಸ ಮಾಡುತ್ತವೆ. ಬ್ರಾಡ್‌ಕಾಮ್‌ನ ಹಳೆಯ ಚಿಪ್‌ಗಳಿಗೆ ಬಿ43 ಅನ್ನುವ ಡ್ರೈವರನ್ನು, ಅಂದರೆ ಕಂಪ್ಯೂಟರಿನಿಂದ ಕಾರ್ಡನ್ನು ನಡೆಸುವ ಪ್ರೋಗ್ರಾಮನ್ನು, ಸ್ವಯಂಸೇವಕರೇ ಚಿಪ್ ಹೇಗೆ ನಡೆಯುತ್ತದೆ ಅಂತ ಕೂತು ಕಲಿತು ಬರೆದರು. ಎಂಥ ತಾಳ್ಮೆ ಬೇಕು ನೋಡಿ. ಆದರೂ ಅದಕ್ಕೆ ಬೇಕಾದ ಫರ್ಮ್‌ವೇರನ್ನು ಬೇರೆಯಾಗಿ ನೆಟ್‌ನಿಂದಲೇ ಇಳಿಸಿಕೊಳ್ಳಬೇಕು. 2010ರ ಸೆಪ್ಟೆಂಬರ್‌ನಲ್ಲಿ ಆ ಕಂಪನಿಯೇ ತನ್ನ ಹೊಸ ಚಿಪ್‌ಗಳಿಗೆ ಲಿನಕ್ಸ್ ಡ್ರೈವರನ್ನು ತೆರೆದು ಕೊಟ್ಟಿತು, ಹಳೆಯವಕ್ಕೆ ಅದು ಹೊಂದುವುದಿಲ್ಲ. ಡೆಬಿಯನ್ ಅನ್ನುವ ಇನ್ನೊಂದು ಲಿನಕ್ಸ್ ಕೂಡ ಇಂಥ ಫರ್ಮ್‌ವೇರನ್ನು ತನ್ನ ಅಧಿಕೃತ ಇನ್‌ಸ್ಟಾಲರ್ ಒಳಗೇ ಹಾಕಲು ಶುರುಮಾಡಿದ್ದು 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ.

ಅಂದರೆ ನೆಟ್ ಬರಬೇಕಾದರೆ ಡ್ರೈವರ್ ಬೇಕು, ಡ್ರೈವರ್ ಬೇಕಾದರೆ ನೆಟ್ ಬೇಕು. ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಹಾಗಾಯಿತು. ಬಹಳ ಜನ ಕೈಬಿಡುವುದು ಇಲ್ಲೇ.

ಬಿಡಿಸುವ ದಾರಿ ನಮ್ಮ ಕೈಯಲ್ಲೇ ಇತ್ತು. ಫೋನ್ ಚಾರ್ಜ್ ಮಾಡುವ ಯುಎಸ್‌ಬಿ ಕೇಬಲ್. ಆಂಡ್ರಾಯ್ಡ್ ಫೋನನ್ನು ಆ ಕೇಬಲಿನಿಂದ ಲ್ಯಾಪ್‌ಟಾಪಿಗೆ ಚುಚ್ಚಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಇರುವ ಕಡೆಯೇ ಯುಎಸ್‌ಬಿ ಟೆಥರಿಂಗ್ ಅನ್ನುವುದನ್ನು ಆನ್ ಮಾಡಿದರೆ ಸಾಕು. ಲ್ಯಾಪ್‌ಟಾಪ್ ಅದನ್ನು ತಂತಿಯ ನೆಟ್ ಅಂತ ತಿಳಿದು ಕೂಡಲೇ ಹಿಡಿಯುತ್ತದೆ, ಯಾವ ಡ್ರೈವರನ್ನೂ ಕೇಳುವುದಿಲ್ಲ. ಇನ್ನೂ ಒಳ್ಳೆಯ ಸಂಗತಿ, ಹೆಚ್ಚಿನ ಫೋನ್‌ಗಳು ತಾವು ಮನೆಯ ವೈಫೈಗೆ ಸೇರಿಕೊಂಡಿದ್ದರೆ ಅದನ್ನೇ ಕೇಬಲಿನಲ್ಲಿ ಲ್ಯಾಪ್‌ಟಾಪಿಗೆ ದಾಟಿಸುತ್ತವೆ, ಡೇಟಾ ಖರ್ಚಾಗುವುದಿಲ್ಲ. ಕಾರ್ಡ್ ನಿಜಕ್ಕೂ ಸತ್ತಿರುವವರು ಕೂಡ ಇದರಲ್ಲೇ ದಿನ ತಳ್ಳಬಹುದು. ಕೇಬಲ್ ಮಾತ್ರ ಡೇಟಾ ಹೋಗುವಂಥದ್ದಾಗಿರಬೇಕು, ಬರೀ ಚಾರ್ಜಿಗೆ ಅಂತ ಬರುವ ಕಡಿಮೆ ಬೆಲೆಯ ಕೇಬಲ್ ಆಗುವುದಿಲ್ಲ. ನಾವು ಮೊದಲು ಚುಚ್ಚಿದ್ದು ಅಂಥದ್ದೇ, ಒಂದು ಸಂಜೆ ಸುಮ್ನೆ ಹಾಳಾಯಿತು.

ಆಮೇಲೆ ಮಿಂಟ್‌ನ ಮೆನುವಿನಲ್ಲಿ ಡ್ರೈವರ್ ಮ್ಯಾನೇಜರ್ ತೆರೆದೆವು. ನಮ್ಮ ಚಿಪ್ಪಿನ ಹೆಸರು, ಅದರ ಕೆಳಗೆ ಹಾಕಿಕೊಳ್ಳಬೇಕಾದ ಡ್ರೈವರ್, ಎರಡನ್ನೂ ಅದೇ ತೋರಿಸಿತು. ಟಿಕ್ ಮಾಡಿ ಕಾದೆವು. ಆ ಹೊತ್ತಿಗೆ ಕರೆಂಟ್ ಹೋಯಿತು. ರೂಟರ್ ಆಫ್ ಆಯಿತು. ಫೋನನ್ನು ಮೊಬೈಲ್ ಡೇಟಾಗೆ ಹಾಕಿ, ಸಿಗ್ನಲ್ ಬರುವ ಕಿಟಕಿಯ ಹತ್ತಿರ ಸ್ಟೂಲ್ ಎಳೆದು, ಲ್ಯಾಪ್‌ಟಾಪನ್ನು ಅದರ ಮೇಲಿಟ್ಟು ಮುಗಿಸಿದೆವು. ರೀಸ್ಟಾರ್ಟ್ ಆಗಿ, ಕರೆಂಟ್ ಬಂದ ಮೇಲೆ, ಮೂಲೆಯಲ್ಲಿ ಆ ಬೀಸಣಿಗೆಯಂಥ ಗುರುತು ಬಂತು. ಒತ್ತಿದರೆ ನಮ್ಮ ಮನೆಯ ಹೆಸರು, ಪಕ್ಕದ ಮನೆಯ ಹೆಸರು, ಕೆಳಗಿನ ಹೋಂಸ್ಟೇಯ ಹೆಸರು. ಹುಡುಗಿ ಕಿರುಚಿದ್ದಕ್ಕೆ ಅಂಗಳದಲ್ಲಿ ಮಲಗಿದ್ದ ನಾಯಿ ಎದ್ದು ಬೊಗಳಿತು. ಆಮೇಲೆ ಗೊತ್ತಾಯಿತು, ಬ್ರಾಡ್‌ಕಾಮ್‌ನಂಥ ಕೆಲವು ಚಿಪ್‌ಗಳ ಡ್ರೈವರ್ ಮಿಂಟ್ ಹಾಕಿದ ಪೆನ್‌ಡ್ರೈವ್‌ನಲ್ಲೇ ಇರುತ್ತದೆ, ಅದನ್ನು ಚುಚ್ಚಿಟ್ಟು ಡ್ರೈವರ್ ಮ್ಯಾನೇಜರ್ ತೆರೆದರೆ ನೆಟ್ ಇಲ್ಲದೆಯೂ ಕೆಲಸ ಆಗುತ್ತದೆ ಅಂತ. ಎದುರು ಮನೆಯ ಹುಡುಗ ಪೆನ್‌ಡ್ರೈವ್ ಬಿಟ್ಟುಹೋಗಿದ್ದರೆ ಇಷ್ಟು ಕಷ್ಟವೇ ಇರುತ್ತಿರಲಿಲ್ಲವೋ ಏನೋ.

ಇಲ್ಲಿ ಒಂದು ಎಚ್ಚರಿಕೆ. ಗಾಬರಿಯಲ್ಲಿ ಗೂಗಲ್‌ನಲ್ಲಿ ವೈಫೈ ಡ್ರೈವರ್ ಫ್ರೀ ಡೌನ್‌ಲೋಡ್ ಅಂತ ಹುಡುಕಬೇಡಿ. ದೊಡ್ಡ ಹಸಿರು ಬಟನ್ ತೋರಿಸಿ ಬೇರೇನನ್ನೋ ತುಂಬಿಸುವ ಪುಟಗಳು ಬಹಳ ಇವೆ. ವಿಂಡೋಸ್ ಆದರೆ ಲ್ಯಾಪ್‌ಟಾಪ್ ಕಂಪನಿಯ ಸ್ವಂತ ಪುಟದಿಂದ ಮಾತ್ರ, ಲಿನಕ್ಸ್ ಆದರೆ ಅದರದ್ದೇ ಡ್ರೈವರ್ ಮ್ಯಾನೇಜರ್‌ನಿಂದ ಮಾತ್ರ.

ಮೂರನೆಯ ಕಾರಣ ಸಿಕ್ಕಿದ್ದು ಒಂದು ದಿನ ಮನೆಯ ನೆಟ್ ಕಡಿದಾಗ. ನನ್ನ ಹೊಸ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿದೆ. ಹುಡುಗಿಯ ಫೋನಿಗೆ ಕಾಣುತ್ತದೆ, ಲ್ಯಾಪ್‌ಟಾಪಿಗೆ ಕಾಣುವುದಿಲ್ಲ. ಮತ್ತೆ ಹಾಳಾಯಿತು ಅಂದುಕೊಂಡೆ. ಹಾಳಾಗಿರಲಿಲ್ಲ. ವೈಫೈ ಮುಖ್ಯವಾಗಿ ಎರಡು ಅಲೆಗಳಲ್ಲಿ ಹೋಗುತ್ತದೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಹಳೆಯ ಕಾರ್ಡ್‌ಗಳಲ್ಲಿ ಬಹಳಷ್ಟಕ್ಕೆ ಮೊದಲನೆಯದು ಮಾತ್ರ ಗೊತ್ತು. ಹೊಸ ಫೋನ್‌ಗಳು ಹಾಟ್‌ಸ್ಪಾಟನ್ನು ಎರಡನೆಯದರಲ್ಲಿ ಬಿಟ್ಟಿರುತ್ತವೆ. ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಂಡ್ ಅಂತ ಇರುವಲ್ಲಿ 2.4ಕ್ಕೆ ಬದಲಿಸಿ, ಕೆಲವು ಫೋನಿನಲ್ಲಿ ಕಂಪ್ಯಾಟಿಬಿಲಿಟಿ ಅನ್ನುವ ಹೆಸರಿನಲ್ಲಿ ಒಂದು ಬಟನ್ ಇರುತ್ತದೆ, ಅದನ್ನು ಆನ್ ಮಾಡಿ. ಮನೆಯ ರೂಟರ್‌ಗೂ ಇದೇ ಮಾತು. ರೂಟರ್‌ನಲ್ಲಿ ಬರೀ ಡಬ್ಲ್ಯುಪಿಎ3 (ವೈಫೈ ಭದ್ರತೆಯ ಹೊಸ ವಿಧಾನ) ಅಂತ ಹಾಕಿದ್ದರೂ ಹಳೆಯ ಕಾರ್ಡ್ ಸೇರಿಕೊಳ್ಳುವುದಿಲ್ಲ, ಡಬ್ಲ್ಯುಪಿಎ2 ಕೂಡ ಇರಬೇಕು. ರೂಟರ್ ಆ 2.4ರ ಅಲೆಯೊಳಗೆ 12 ಅಥವಾ 13ನೇ ಚಾನೆಲ್‌ನಲ್ಲಿದ್ದರೆ ಕೆಲವಕ್ಕೆ ಕಣ್ಣಿಗೇ ಬೀಳುವುದಿಲ್ಲ.

ಹಾಗಂತ 2.4 ಹಳೆಯದು, ಕೀಳು ಅಂತ ತಿಳಿಯಬೇಡಿ. ನಮ್ಮ ಕಡೆಯ ಹಳೆಯ ಮನೆಗಳ ಗೋಡೆ ಎಷ್ಟು ದಪ್ಪ ಅಂತ ಐನ್‌ಮನೆ (ಕೊಡವರ ಮೂಲ ಮನೆ) ನೋಡಿದವರಿಗೆ ಗೊತ್ತು. ಆ ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸುಸ್ತಾಗುತ್ತದೆ, 2.4 ಇನ್ನೊಂದು ಕೋಣೆಯವರೆಗೂ ಬರುತ್ತದೆ. ವೇಗ ಕಡಿಮೆ, ಆದರೆ ಅರ್ಜಿ ತುಂಬಲು, ಪಾಠದ ವಿಡಿಯೋ ನೋಡಲು ಧಾರಾಳ ಸಾಕು.

ಮತ್ತೊಂದು ವಿಷಯ ಜನ ಕಲಸಿಕೊಳ್ಳುತ್ತಾರೆ. ವೈಫೈ ಬೇರೆ, ಇಂಟರ್ನೆಟ್ ಬೇರೆ. ವೈಫೈ ಅಂದರೆ ಲ್ಯಾಪ್‌ಟಾಪಿನಿಂದ ರೂಟರ್‌ವರೆಗಿನ ದಾರಿ ಮಾತ್ರ. ರೂಟರ್‌ನಿಂದ ಆಚೆಗಿನ ದಾರಿಯಲ್ಲಿ ಮರ ಬಿದ್ದು ಫೈಬರ್ ಕಡಿದಿದ್ದರೆ ಲ್ಯಾಪ್‌ಟಾಪ್ ಏನು ಮಾಡುತ್ತದೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಅದು ಇದ್ದದ್ದೇ. ಫೋನಿನಲ್ಲಿ ಅದೇ ವೈಫೈ ಹಾಕಿ ನೋಡಿ. ಫೋನಿಗೂ ಬರದಿದ್ದರೆ ಲೈನಿನ ಸಮಸ್ಯೆ, ಫೋನಿಗೆ ಬಂದು ಲ್ಯಾಪ್‌ಟಾಪಿಗೆ ಬರದಿದ್ದರೆ ಲ್ಯಾಪ್‌ಟಾಪಿನ ಸಮಸ್ಯೆ. ಇಷ್ಟು ನೋಡಿಕೊಂಡರೂ ರಿಪೇರಿ ಅಂಗಡಿಗೆ ಅರ್ಧ ಓಡಾಟ ತಪ್ಪುತ್ತದೆ.

ಈಗಲೇ ಯಾಕೆ ಬರೆಯುತ್ತಿದ್ದೇನೆ ಅಂದರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಗೂ ಬೆಂಬಲ ಮುಗಿದಿದೆ. ವಿಂಡೋಸ್ 11 ಹಳೆಯ ಲ್ಯಾಪ್‌ಟಾಪ್‌ಗಳನ್ನು ಒಪ್ಪುವುದಿಲ್ಲ, ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಹಾಗಾಗಿ ಬೆಂಗಳೂರು, ಮೈಸೂರಿನ ಆಫೀಸುಗಳಿಂದ ಚೆನ್ನಾಗಿರುವ ಲ್ಯಾಪ್‌ಟಾಪ್‌ಗಳೇ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬರುತ್ತವೆ. ನಮ್ಮಂಥವರ ಮನೆ ಮಕ್ಕಳಿಗೆ ಅವು ಸಿಗಬೇಕು. 2020ರಲ್ಲಿ ಶಾಲೆ ಮುಚ್ಚಿದಾಗ ಮಕ್ಕಳು ಸಿಗ್ನಲ್‌ಗಾಗಿ ಗುಡ್ಡ ಹತ್ತಿದ್ದು, ನಮ್ಮದೇ ಜಿಲ್ಲೆಯ ಒಬ್ಬರು ಮೇಷ್ಟ್ರು ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಪಾಠ ಮಾಡಿದ್ದು ಪೇಪರಿನಲ್ಲಿ ಬಂದಿತ್ತು. ಅಷ್ಟು ಕಷ್ಟಪಟ್ಟು ಕಲಿಯುವ ಜಾಗದಲ್ಲಿ ಒಂದು ಸ್ವಿಚ್ಚಿಗೋಸ್ಕರ, ಒಂದು ಡ್ರೈವರಿಗೋಸ್ಕರ ಲ್ಯಾಪ್‌ಟಾಪ್ ಗುಜರಿಗೆ ಹೋಗುವುದು ನನಗೆ ಸಹಿಸಲು ಆಗುವುದಿಲ್ಲ.

ನನ್ನದೊಂದು ಕೋರಿಕೆ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿ ಒಂದು ಲ್ಯಾನ್ ಕೇಬಲ್, ಒಂದು ಒಳ್ಳೆಯ ಯುಎಸ್‌ಬಿ ಕೇಬಲ್, ಲಿನಕ್ಸ್ ಮಿಂಟ್ ತುಂಬಿದ ಒಂದು ಪೆನ್‌ಡ್ರೈವ್, ಪರೀಕ್ಷೆಗೆ ಒಂದು ಯುಎಸ್‌ಬಿ ವೈಫೈ ಡಾಂಗಲ್ ಇಡಿ. ಎಲ್ಲ ಸೇರಿ 1,000 ರೂಪಾಯಿ ಆಸುಪಾಸು ಆದೀತು. ಮಿಂಟ್ ಇಳಿಸಲು ಸುಮಾರು 3 ಜಿಬಿ ಡೇಟಾ ಬೇಕು. ದಿನಕ್ಕೆ ಒಂದೂವರೆ ಜಿಬಿಯ ರೀಚಾರ್ಜ್ ಇರುವ ಮನೆಯಲ್ಲಿ, ಎರಡು ಕಡ್ಡಿ ಸಿಗ್ನಲ್‌ನಲ್ಲಿ, ಅದು ಆಗುವ ಕೆಲಸ ಅಲ್ಲ. ಪೆನ್‌ಡ್ರೈವ್ ಒಂದು ಊರಿಗೆ ಒಂದಿದ್ದರೂ ಸಾಕು. ಪೊನ್ನಂಪೇಟೆಯಲ್ಲೂ ಕುಶಾಲನಗರದಲ್ಲೂ ಇಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿನ ಮಕ್ಕಳು ತಿಂಗಳಿಗೆ ಒಂದು ಭಾನುವಾರ ತಮ್ಮ ತಮ್ಮ ಊರಿನ ಕೇಂದ್ರದಲ್ಲಿ ಎರಡು ಗಂಟೆ ಕೂತರೆ ಎಷ್ಟು ಲ್ಯಾಪ್‌ಟಾಪ್ ಅಟ್ಟದಿಂದ ಇಳಿದು ಬರಬಹುದು, ನೀವೇ ಯೋಚಿಸಿ.

ಸೆಕೆಂಡ್ ಹ್ಯಾಂಡ್ ಮಾರುವವರಿಗೂ ಒಂದು ಮಾತು. ದುಡ್ಡು ತೆಗೆದುಕೊಳ್ಳುವ ಮೊದಲು ಗಿರಾಕಿಯ ಫೋನಿನ ಹಾಟ್‌ಸ್ಪಾಟಿಗೇ ಲ್ಯಾಪ್‌ಟಾಪನ್ನು ಸೇರಿಸಿ, ಒಂದು ಪುಟ ತೆರೆದು ತೋರಿಸಿ. ಬಿಲ್ಲಿನ ಮೇಲೆ ವೈಫೈ ಚಿಪ್ಪಿನ ಹೆಸರು ಬರೆದುಕೊಡಿ. ಕೊಳ್ಳುವವರೂ ನಾಚಿಕೊಳ್ಳದೆ ಕೇಳಿ. ಹಾಗೆಯೇ ಶಾಲೆಗೆ, ಕೆಲಸದವರ ಮಕ್ಕಳಿಗೆ ಅಂತ ಹಳೆಯ ಲ್ಯಾಪ್‌ಟಾಪ್ ಕೊಡುವ ಎಸ್ಟೇಟಿನವರು, ಆಫೀಸಿನವರು ವೈಫೈ ಹಿಡಿಯುತ್ತದಾ ಅಂತ ನೋಡಿಯೇ ಕೊಡಿ. ತೋಟದ ಕೆಲಸದವರ ಲೈನ್ ಮನೆಯ ಮಗುವಿಗೆ ರಿಪೇರಿ ಅಂಗಡಿಗೆ ಹೋಗಲು ಬಸ್ ಚಾರ್ಜ್ ಕೂಡ ಹೊರೆ.

ನಿಮ್ಮ ಪತ್ರಿಕೆಯಲ್ಲೂ ವಾರಕ್ಕೆ ಒಂದು ಸಣ್ಣ ಅಂಕಣ ಇದಕ್ಕೆ ಕೊಡಲು ಸಾಧ್ಯವಾ? ಈ ವಿಷಯ ಎಲ್ಲ ಸಿಗುತ್ತದೆ, ಆದರೆ ಸಿಗುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಹುಡುಗಿ ಓದಿ ಓದಿ ನನಗೆ ಅರ್ಥ ಹೇಳಿದ್ದರಿಂದ ನನಗೆ ತಿಳಿಯಿತು. ಅವಳೇ ಮಿಂಟ್‌ಗೆ ಕನ್ನಡ ಕೀಲಿಮಣೆಯನ್ನೂ ಹಾಕಿದ್ದಾಳೆ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದವರಿಗೆ ಅದೇ ಕೆಜಿಪಿ ಕೀ ಜೋಡಣೆ ಸಿಗುತ್ತದೆ, ಹೊಸದಾಗಿ ಕಲಿಯಬೇಕಾಗಿಲ್ಲ.

ಎದುರು ಮನೆಯ ಹುಡುಗ ಮೊನ್ನೆ ಬಂದಾಗ ನನಗೆ ಒಂದು 16 ಜಿಬಿ ಪೆನ್‌ಡ್ರೈವ್‌ಗೆ ಮಿಂಟ್ ತುಂಬಿಕೊಟ್ಟಿದ್ದಾನೆ. ನಮ್ಮ ಪಂಚಾಯಿತಿಯ ಅರಿವು ಕೇಂದ್ರದವರು ಇಟ್ಟುಕೊಳ್ಳುತ್ತೇವೆ ಅಂದರೆ ಅದನ್ನು ಅಲ್ಲಿಗೇ ಕೊಡುತ್ತೇನೆ. ಕಾಫಿ ಕುಯ್ಲು ಮುಗಿದ ಮೇಲೆ ಭಾನುವಾರ ಮಧ್ಯಾಹ್ನ ನಾನೂ ಹುಡುಗಿಯೂ ಅಲ್ಲಿ ಬಂದು ಕೂರಲು ತಯಾರಿದ್ದೇವೆ. ಲ್ಯಾಪ್‌ಟಾಪ್ ತರುವವರು ಚಾರ್ಜರ್ ಮರೆಯದೆ ತನ್ನಿ, ಹಳೆಯ ಬ್ಯಾಟರಿಗಳು ಹತ್ತು ನಿಮಿಷವೂ ನಿಲ್ಲುವುದಿಲ್ಲ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು,
ನಾಪೋಕ್ಲು, ಕೊಡಗು